ಕೆರೆ ಊರಿನದು, ತೂಬು ನಿಮ್ಮ ಕೈಯಲ್ಲಿ: ಹೈವ್‌ನಲ್ಲಿ ನ್ಯಾಯವಾದ ಕ್ಯುರೇಶನ್‌ಗೆ ಸಮಗ್ರ ಮಾರ್ಗದರ್ಶಿ

ಕೆರೆ ನೀರಾವರಿಯ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಬರುತ್ತಿತ್ತು. ನೀರು ಅವನದಲ್ಲ. ಆದರೆ ಒಂದು ಗದ್ದೆಗೆ ಅವನು ಹೆಚ್ಚು ಬಿಟ್ಟರೆ ಕೊನೆಯ ಗದ್ದೆ ಬಿರುಕು ಬಿಡುತ್ತಿತ್ತು. ಬ್ಲಾಕ್‌ಚೈನ್ ಜಾಲತಾಣದಲ್ಲಿ, ಅಂದರೆ ಎಲ್ಲರಿಗೂ ತೆರೆದ ಲೆಕ್ಕಪುಸ್ತಕದ ಮೇಲೆ ನಡೆಯುವ ತಾಣದಲ್ಲಿ, ವೋಟ್ ಒತ್ತುವವನ ಸ್ಥಾನವೂ ಇದೇ. ಬರಹಗಳನ್ನು ಓದಿ, ಒಳ್ಳೆಯದನ್ನು ಆರಿಸಿ ವೋಟ್ ಹಾಕುವುದಕ್ಕೆ ಕ್ಯುರೇಶನ್ ಎನ್ನುತ್ತಾರೆ; ವೋಟ್ ಬಿದ್ದ ಬರಹಕ್ಕೆ ಎಲ್ಲರಿಗೂ ಸೇರಿದ ಒಂದೇ ನಿಧಿಯಿಂದ ಬಹುಮಾನ ಹೋಗುತ್ತದೆ. ಫೇಸ್‌ಬುಕ್ಕಿನಲ್ಲಿ ದಿನಕ್ಕೆ ಸಾವಿರ ಲೈಕ್ ಒತ್ತಿದರೂ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಇಲ್ಲಿ ನೀವು ಒಬ್ಬರಿಗೆ ಕೊಟ್ಟ ವೋಟು ಇನ್ನುಳಿದ ಎಲ್ಲರ ಪಾಲಿನಿಂದ ಒಂದೊಂದು ಹನಿ ತೆಗೆದುಕೊಂಡೇ ಹೋಗುತ್ತದೆ.

ಉದಾಹರಣೆಗೆ ಹೈವ್ ಅನ್ನೇ ಆರಿಸಿಕೊಂಡಿದ್ದೇನೆ. ಬರಹಕ್ಕೆ ಟೋಕನ್ ರೂಪದಲ್ಲಿ, ಅಂದರೆ ಮಾರಬಹುದಾದ ಡಿಜಿಟಲ್ ನಾಣ್ಯದಲ್ಲಿ, ಬಹುಮಾನ ಕೊಡುವ ಪ್ರಯೋಗ 2016ರ ಮಾರ್ಚ್‌ನಲ್ಲಿ ಸ್ಟೀಮ್ ಎಂಬ ಹೆಸರಿನಲ್ಲಿ ಶುರುವಾಯಿತು. ಅದರಿಂದ 2020ರ ಮಾರ್ಚ್ 20ರಂದು ಕವಲೊಡೆದದ್ದು ಹೈವ್. ಹಂಚಿಕೆಯಲ್ಲಿ ಮಾಡಬಹುದಾದ ಬಹುತೇಕ ತಪ್ಪುಗಳನ್ನು ಈ ವಂಶ ಈಗಾಗಲೇ ಮಾಡಿ ಮುಗಿಸಿದೆ, ಕೆಲವನ್ನು ತಿದ್ದಿಕೊಂಡೂ ಇದೆ. ಹೊಸಬರು ಅದೇ ಗುಂಡಿಗೆ ಮತ್ತೆ ಬೀಳಬೇಕಾಗಿಲ್ಲ.

ಹಂತ 1: ಖಾತೆ ಮತ್ತು ಕೀಲಿಗಳು

ಇದನ್ನು ಬೇಗ ಮುಗಿಸೋಣ. ಪೀಕ್‌ಡಿ, ಇಸೆನ್ಸಿ, ಹೈವ್ ಬ್ಲಾಗ್ ಮೊದಲಾದ ತಾಣಗಳು ಒಂದೇ ಮನೆಯ ಬೇರೆ ಬೇರೆ ಬಾಗಿಲುಗಳು. ಯಾವುದರಿಂದ ಒಳಹೊಕ್ಕರೂ ಖಾತೆ ಒಂದೇ, ಬರಹ ಒಂದೇ. ಒಮ್ಮೆ ಇಟ್ಟುಕೊಂಡ ಹೆಸರನ್ನು ಬದಲಿಸಲಾಗದು, ಆದ್ದರಿಂದ ಯೋಚಿಸಿ ಇಟ್ಟುಕೊಳ್ಳಿ.

ಖಾತೆಗೆ ನಾಲ್ಕು ಕೀಲಿಗಳು, ಅಂದರೆ ಪಾಸ್‌ವರ್ಡಿನಂಥ ಗುಪ್ತ ಅಕ್ಷರಸಾಲುಗಳು ಇರುತ್ತವೆ. ಬರೆಯಲು, ವೋಟ್ ಹಾಕಲು ಪೋಸ್ಟಿಂಗ್ ಕೀಲಿ ಸಾಕು. ಹಣ ಕಳಿಸಲು ಆ್ಯಕ್ಟಿವ್ ಕೀಲಿ, ಗುಪ್ತ ಸಂದೇಶಕ್ಕೆ ಮೆಮೊ ಕೀಲಿ. ಎಲ್ಲ ಕೀಲಿಗಳನ್ನೂ ಬದಲಿಸಬಲ್ಲದ್ದು ಓನರ್ ಕೀಲಿ. ಕ್ಯುರೇಶನ್‌ಗೆ ಪೋಸ್ಟಿಂಗ್ ಕೀಲಿ ಬಿಟ್ಟು ಬೇರೆ ಯಾವುದನ್ನೂ ಯಾವ ತಾಣವೂ ಕೇಳಬೇಕಾದ ಅಗತ್ಯವಿಲ್ಲ. ಕೇಳಿದರೆ ಆ ಪುಟ ಮುಚ್ಚಿ ಎದ್ದು ಹೋಗಿ. ಓನರ್ ಕೀಲಿಯನ್ನೂ ಎಲ್ಲ ಕೀಲಿಗಳಿಗೂ ಮೂಲವಾದ ಮಾಸ್ಟರ್ ಪಾಸ್‌ವರ್ಡನ್ನೂ ಕಾಗದದಲ್ಲಿ ಬರೆದು ಮನೆ ಪತ್ರದ ಜೊತೆ ಇಡಿ. ದಿನನಿತ್ಯದ ಕೆಲಸಕ್ಕೆ ಹೈವ್ ಕೀಚೈನ್ ಎಂಬ ಬ್ರೌಸರ್ ವಿಸ್ತರಣೆ ಬಳಸಿದರೆ ಕೀಲಿಯನ್ನು ತಾಣದಿಂದ ತಾಣಕ್ಕೆ ಅಂಟಿಸುವ ಅಪಾಯ ತಪ್ಪುತ್ತದೆ.

ಹಂತ 2: ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಪ್ರತಿ 3 ಸೆಕೆಂಡಿಗೊಂದು ಬ್ಲಾಕ್, ಅಂದರೆ ಲೆಕ್ಕಪುಸ್ತಕದ ಹೊಸ ಪುಟ ಹುಟ್ಟುತ್ತದೆ, ಅದರೊಡನೆ ಸ್ವಲ್ಪ ಹೊಸ ಹೈವ್ ಟೋಕನ್ ಕೂಡ. ಹೀಗೆ ಹುಟ್ಟಿದ ಟೋಕನ್‌ಗಳಲ್ಲಿ ಶೇ. 65 ರಿವಾರ್ಡ್ ಪೂಲ್‌ಗೆ, ಅಂದರೆ ಬರೆಯುವವರ ಮತ್ತು ಓದಿ ಆರಿಸುವವರ ಕೆರೆಗೆ ಸೇರುತ್ತದೆ. ಶೇ. 15 ಟೋಕನ್ ಠೇವಣಿ ಇಟ್ಟವರಿಗೆ, ಶೇ. 10 ಜಾಲವನ್ನು ನಡೆಸುವ ವಿಟ್ನೆಸ್‌ಗಳಿಗೆ, ಉಳಿದ ಶೇ. 10 ಸಾಮೂಹಿಕ ಕೆಲಸಗಳ ನಿಧಿಗೆ. ಹೊಸ ಟೋಕನ್ ಹುಟ್ಟುವ ದರ ಕಾಲಕ್ರಮದಲ್ಲಿ ಇಳಿಯುತ್ತಾ ಹೋಗುವಂತೆ ನಿಯಮವಿದೆ. ಎಲ್ಲರ ಕೈಯಲ್ಲಿರುವ ಟೋಕನ್ನಿನ ಬೆಲೆಯನ್ನು ತುಸು ತುಸು ತೆಳುವಾಗಿಸಿಯೇ ಈ ಕೆರೆ ತುಂಬುತ್ತದೆ ಎಂಬುದು ಇದರ ಅರ್ಥ. ಜಾಹೀರಾತಿನವರು ಕೊಟ್ಟ ಹಣ ಇದಲ್ಲ, ಆಕಾಶದಿಂದ ಬಿದ್ದದ್ದೂ ಅಲ್ಲ. ವೋಟ್ ಹಾಕುವಾಗ ನೀವು ಖರ್ಚು ಮಾಡುತ್ತಿರುವುದು ಊರಿನವರ ಹಣ.

ಬರಹ ಪ್ರಕಟವಾಗಿ 7 ದಿನಕ್ಕೆ ಲೆಕ್ಕ ಚುಕ್ತಾ. ಬಂದದ್ದರಲ್ಲಿ ಅರ್ಧ ಬರೆದವರಿಗೆ, ಇನ್ನರ್ಧ ಅದಕ್ಕೆ ವೋಟ್ ಹಾಕಿದವರಿಗೆ. ಲೇಖಕರ ಅರ್ಧ ಸಾಮಾನ್ಯವಾಗಿ ಡಾಲರ್ ಬೆಲೆಗೆ ಕಟ್ಟಿದ ಎಚ್‌ಬಿಡಿ ಮತ್ತು ಹೈವ್ ಪವರ್ ಎಂಬ ಎರಡು ರೂಪಗಳಲ್ಲಿ ಬರುತ್ತದೆ. ಕ್ಯುರೇಟರ್ ಪಾಲು ಪೂರ್ತಿ ಹೈವ್ ಪವರ್ ರೂಪದಲ್ಲಿ. ಹೈವ್ ಪವರ್ ಎಂದರೆ ಠೇವಣಿಯಂತೆ ಕಟ್ಟಿಟ್ಟ ಟೋಕನ್. ಅದನ್ನು ಬಿಡಿಸಿಕೊಳ್ಳಲು 13 ವಾರ ಬೇಕು, ವಾರಕ್ಕೊಂದು ಕಂತು. ನಿಮ್ಮ ವೋಟಿನ ತೂಕ ಈ ಠೇವಣಿಯನ್ನು ಅವಲಂಬಿಸಿದೆ. ಒಬ್ಬರಿಗೆ ಒಂದು ಮತ ಎಂಬ ಪ್ರಜಾಪ್ರಭುತ್ವ ಇದಲ್ಲ, ಷೇರುದಾರರ ಸಭೆ. ಇದನ್ನು ಮರೆಮಾಚಿ ಮಾತಾಡುವವರನ್ನು ಕಂಡರೆ ನನಗೆ ಅನುಮಾನ.

ಅರ್ಧ-ಅರ್ಧ ಎಂಬ ನಿಯಮ ಯಾವಾಗಲೂ ಇದ್ದದ್ದಲ್ಲ. ಅದು ಬಂದ ಕಥೆಯಲ್ಲೇ ಈ ಮಾರ್ಗದರ್ಶಿಯ ಅರ್ಧ ತಿರುಳಿದೆ. ಸ್ಟೀಮ್‌ನ ಮೊದಲ ದಿನಗಳಲ್ಲಿ ಬಹುಮಾನ ವೋಟಿನ ತೂಕದ ವರ್ಗದಂತೆ ಏರುತ್ತಿತ್ತು: ಎರಡು ಪಟ್ಟು ತೂಕಕ್ಕೆ ನಾಲ್ಕು ಪಟ್ಟು ಹಣ. ಕೆಲವೇ ದೊಡ್ಡ ಖಾತೆಗಳು ಒಲಿದ ಬರಹಕ್ಕೆ ಪ್ರವಾಹ, ಉಳಿದವರಿಗೆ ಒಣ ಕಾಲುವೆ. 2017ರ ಜೂನ್‌ನಲ್ಲಿ ಅದನ್ನು ನೇರ ಅನುಪಾತಕ್ಕೆ ಇಳಿಸಿದರು. ನ್ಯಾಯ ಬಂತು ಎನ್ನುವಷ್ಟರಲ್ಲಿ ಹೊಸ ರೋಗ ಅಂಟಿಕೊಂಡಿತು. ಆಗ ಲೇಖಕರಿಗೆ ಶೇ. 75, ಕ್ಯುರೇಟರ್‌ಗೆ ಶೇ. 25. ತನ್ನ ಬರಹಕ್ಕೆ ತಾನೇ ವೋಟ್ ಹಾಕಿಕೊಂಡವನಿಗೆ ನೂರಕ್ಕೆ ನೂರು, ಬೇರೆಯವರದನ್ನು ಓದಿ ವೋಟ್ ಹಾಕಿದವನಿಗೆ ಇಪ್ಪತ್ತೈದು! ಪ್ರಾಮಾಣಿಕತೆಗೆ ಮುಕ್ಕಾಲು ಭಾಗ ದಂಡ. ಹಣ ಕಳಿಸಿದರೆ ವೋಟ್ ಹಾಕುವ ಬಿಡ್-ಬಾಟ್‌ಗಳೆಂಬ ಯಂತ್ರಗಳು ತಲೆಯೆತ್ತಿದವು. ಮುಂಪುಟದ ಸ್ಥಾನ ಹರಾಜಾಯಿತು. ಓದುವವರು ಮೂರ್ಖರೆನಿಸಿಕೊಂಡರು.

2019ರ ಆಗಸ್ಟ್‌ನಲ್ಲಿ ನಿಯಮ ಮತ್ತೆ ಬದಲಾಯಿತು. ಪಾಲು ಅರ್ಧ-ಅರ್ಧವಾಯಿತು, ಡೌನ್‌ವೋಟ್‌ಗೆ, ಅಂದರೆ ಬರಹದ ಬಹುಮಾನ ಇಳಿಸುವ ವೋಟಿಗೆ, ಪ್ರತ್ಯೇಕ ಬಲ ಸಿಕ್ಕಿತು. ಸ್ವಂತಕ್ಕೆ ವೋಟ್ ಹಾಕಿಕೊಳ್ಳುವ ಆಸೆ ಇದರಿಂದ ಸತ್ತಿಲ್ಲ, ಆದರೆ ನ್ಯಾಯವಾಗಿ ನಡೆಯುವುದರ ಬೆಲೆ ಇಳಿದಿದೆ: ಸ್ವಾರ್ಥಿಗೆ ನೂರು ಸಿಕ್ಕುವಲ್ಲಿ ನಿಮಗೆ ಐವತ್ತು, ಸ್ವಾರ್ಥಿಗೆ ಡೌನ್‌ವೋಟ್ ಬಿದ್ದರೆ ಅದೂ ಇಲ್ಲ.

ಹಂತ 3: ನಿಮ್ಮ ತೊಟ್ಟಿಯ ಅಳತೆ

ಪ್ರತಿ ಖಾತೆಗೂ ವೋಟಿಂಗ್ ಮಾನಾ ಎಂಬ ಬಲದ ತೊಟ್ಟಿಯಿದೆ. ಪೂರ್ಣ ತೂಕದ ಒಂದು ವೋಟಿಗೆ ಸುಮಾರು ಶೇ. 2 ಖರ್ಚಾಗುತ್ತದೆ, ದಿನಕ್ಕೆ ಶೇ. 20 ತಾನಾಗಿ ತುಂಬಿಕೊಳ್ಳುತ್ತದೆ. ಲೆಕ್ಕ ಸುಲಭ: ದಿನಕ್ಕೆ 10 ಪೂರ್ಣ ವೋಟು, ಇಲ್ಲವೇ ಅರ್ಧ ತೂಕದ 20, ಕಾಲು ತೂಕದ 40. ಇನ್ನೂ ಹೆಚ್ಚು ಹಾಕಲು ಯಾರೂ ತಡೆಯುವುದಿಲ್ಲ. ತೊಟ್ಟಿ ಇಳಿದಂತೆ ಪ್ರತಿ ವೋಟೂ ಸಪ್ಪೆಯಾಗುತ್ತದೆ, ಅಷ್ಟೆ.

ತೊಟ್ಟಿ ನೂರಕ್ಕೆ ತುಂಬಿದ ಮೇಲೆ ಸೇರುವ ನೀರು ಕೋಡಿ ಹರಿಯುತ್ತದೆ. ಆದರೆ ಅದು ಮಣ್ಣುಪಾಲಾಗುವುದಿಲ್ಲ. ಪೂಲ್ ಹಂಚಿಕೆಯಾಗುವುದು ಬಿದ್ದ ವೋಟುಗಳ ಅನುಪಾತದಲ್ಲಿ. ನೀವು ಸುಮ್ಮನಿದ್ದರೆ ನಿಮ್ಮ ಪಾಲಿನ ತೀರ್ಮಾನವನ್ನು ಉಳಿದವರು ಮಾಡುತ್ತಾರೆ, ತಮಗೆ ತಾವೇ ವೋಟ್ ಹಾಕಿಕೊಳ್ಳುವವರೂ ಅವರಲ್ಲಿ ಸೇರಿದ್ದಾರೆ. ತೊಟ್ಟಿಯನ್ನು ಶೇ. 80ರಿಂದ 95ರ ನಡುವೆ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ತೊಟ್ಟಿ ಶೇ. 80ರಲ್ಲಿದ್ದಾಗ ಒಂದು ದಿನ ಓದಲು ಪುರಸೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಮರುದಿನ ಕುಳಿತು ಸರಿದೂಗಿಸಬಹುದು.

ಇನ್ನೊಂದು ಅಳತೆ ಗೊತ್ತಿರಲಿ. 0.02 ಎಚ್‌ಬಿಡಿ ಮುಟ್ಟದ ಬರಹಕ್ಕೆ ಏನೂ ಸಿಗುವುದಿಲ್ಲ, ಸೊನ್ನೆ. ಠೇವಣಿ ಸಣ್ಣದಿದ್ದವರು ನಲವತ್ತು ಕಡೆ ಚಿಮುಕಿಸಿದರೆ ನಲವತ್ತೂ ಹನಿ ದಾರಿಯಲ್ಲೇ ಇಂಗಿಹೋಗಬಹುದು. ಅಂಥವರು ಕೆಲವೇ ಕಡೆ ಪೂರ್ಣ ತೂಕ ಹಾಕುವುದು ಮೇಲು.

ಹಂತ 4: ಆತುರ ಬಿಡಿ

ಹಳೆಯ ನಿಯಮದಲ್ಲಿ ಇತರರಿಗಿಂತ ಮೊದಲು ವೋಟ್ ಹಾಕಿದವರಿಗೆ ಹೆಚ್ಚು ಪಾಲಿತ್ತು. ತೀರಾ ಮೊದಲೇ ಹಾಕಿದರೆ ದಂಡವೂ ಇತ್ತು. ಆ ಕಾಲಮಿತಿ ಮೊದಲು 30 ನಿಮಿಷ, ಆಮೇಲೆ 15, ಕೊನೆಗೆ 5 ಆಯಿತು. ಜನಪ್ರಿಯ ಲೇಖಕರು ಏನು ಬರೆದರೂ ಗಡಿಯಾರ ನೋಡಿ ವೋಟ್ ಒತ್ತುವ ಯಂತ್ರಗಳ ಓಟದ ಸ್ಪರ್ಧೆ ಅದು. ಬರಹವನ್ನು ತೆರೆದೂ ನೋಡದೆ ನಡೆದ ಆ ವ್ಯವಹಾರಕ್ಕೆ ಕ್ಯುರೇಶನ್ ಎಂಬ ಹೆಸರಿತ್ತು ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ.

2021ರ ಜೂನ್ 30ರಂದು ಹೈವ್ ಆ ಓಟವನ್ನು ನಿಲ್ಲಿಸಿತು. ಈಗ ಪ್ರಕಟವಾದ ಮೊದಲ 24 ಗಂಟೆಯೊಳಗೆ ಯಾವಾಗ ಹಾಕಿದರೂ ಕ್ಯುರೇಟರ್ ಪಾಲು ಸಮಾನ. ಅಲ್ಲಿಂದ 72ನೇ ಗಂಟೆಯವರೆಗೆ ಅದರ ಅರ್ಧ ಲೆಕ್ಕ, ಆಮೇಲೆ ಎಂಟರಲ್ಲೊಂದು. ಕಡಿಮೆಯಾಗುವುದು ನಿಮ್ಮ ಪಾಲು ಮಾತ್ರ. ಐದನೆಯ ದಿನ ಸಿಕ್ಕ ಒಳ್ಳೆಯ ಬರಹಕ್ಕೂ ಲೇಖಕರ ದೃಷ್ಟಿಯಿಂದ ನಿಮ್ಮ ವೋಟಿನ ಬೆಲೆ ಇದ್ದೇ ಇದೆ. ಆದ್ದರಿಂದ ಬೆಳಿಗ್ಗೆ ಪುಟಗಳನ್ನು ಗುರುತು ಹಾಕಿಟ್ಟುಕೊಂಡು ರಾತ್ರಿ ಊಟವಾದ ಮೇಲೆ ನಿಧಾನವಾಗಿ ಓದಿ. ಏನೂ ನಷ್ಟವಿಲ್ಲ.

ಹಂತ 5: ಕೊನೆಯ ಗದ್ದೆಯನ್ನು ಹುಡುಕಿ

ಟ್ರೆಂಡಿಂಗ್ ಪುಟದಿಂದ ಶುರುಮಾಡಬೇಡಿ. ಅಲ್ಲಿರುವವರಿಗೆ ನೀರು ಸಿಕ್ಕಿಯಾಗಿದೆ. ಹೊಸ ಬರಹಗಳ ಸಾಲಿಗೆ ಹೋಗಿ. ಅಲ್ಲಿ ಕಸ ಹೆಚ್ಚು, ಆದರೆ ಹೆಕ್ಕುವುದೇ ಕೆಲಸ. ನಿಮಗೆ ನಿಜವಾಗಿ ಗೊತ್ತಿರುವ ಎರಡು ಮೂರು ವಿಷಯಗಳ ಸಮುದಾಯಗಳನ್ನು ಆರಿಸಿಕೊಳ್ಳಿ. ತೋಟಗಾರಿಕೆ ಬಲ್ಲವರು ತೋಟದ ಬರಹವನ್ನು ತೂಗಬಲ್ಲರು. ಮೂರನೆಯವರ ಕ್ರಿಪ್ಟೊ ಭವಿಷ್ಯವಾಣಿಯನ್ನು ತೂಗಲು ಯಾರಿಂದಲೂ ಆಗದು.

ಒಳ್ಳೆಯ ಲೇಖಕರನ್ನು ಹುಡುಕಲು ನನಗೆ ಗೊತ್ತಿರುವ ಉತ್ತಮ ದಾರಿ ಪ್ರತಿಕ್ರಿಯೆಗಳು. ಯಾರದೋ ಬರಹದ ಕೆಳಗೆ ಎರಡು ಪ್ಯಾರಾ ಕಾಳಜಿಯಿಂದ ಉತ್ತರ ಬರೆದವರ ಖಾತೆಗೆ ಹೋಗಿ ನೋಡಿ. ಹತ್ತರಲ್ಲಿ ನಾಲ್ಕು ಸಲ ಅಲ್ಲಿ ಯಾರೂ ಓದದ ಚೆಂದದ ಬರಹವೊಂದು ಧೂಳು ತಿನ್ನುತ್ತಿರುತ್ತದೆ.

ಭಾಷೆಯ ಮಾತೂ ಇದೆ. ಕನ್ನಡ ಬಾರದ ದೊಡ್ಡ ಪಾಲುದಾರರ ಮುಂದೆ ಕನ್ನಡದ ಬರಹ ಬಂದರೆ ಅವರಿಗೆ ಎರಡೇ ದಾರಿ: ಯಂತ್ರಾನುವಾದ ನೋಡಿ ಊಹಿಸುವುದು, ಅಥವಾ ಮುಂದೆ ಹೋಗುವುದು. ಕನ್ನಡ ಓದಬಲ್ಲ ಕ್ಯುರೇಟರ್ ಬೆಲೆಬಾಳುವುದು ಇಲ್ಲೇ. ಹಾಗೆಂದು ಕನ್ನಡ ಎಂಬ ಒಂದೇ ಕಾರಣಕ್ಕೆ ವೋಟ್ ಹಾಕಿದರೆ ಅದು ನೆಂಟರ ಗದ್ದೆಗೆ ತೂಬು ಎತ್ತಿದಂತೆ. ಶುಭೋದಯದ ಚಿತ್ರಕ್ಕೆ ಯಾವ ಭಾಷೆಯಲ್ಲೂ ಬಹುಮಾನ ಬೇಡ.

ನಿಮ್ಮ ಠೇವಣಿ ತೀರಾ ಸಣ್ಣದೇ? ಆಗ ಹುಡುಕಿದ್ದನ್ನು ದೊಡ್ಡ ತೂಬಿರುವವರಿಗೆ ತೋರಿಸಿ. ಕ್ಯೂರಿ, ಒಸಿಡಿ, ಕ್ಯುರೇಂಜಲ್ ಮೊದಲಾದ ಕ್ಯುರೇಶನ್ ಗುಂಪುಗಳ ರೀತಿಯೇ ಇದು: ಓದುವ ಕಣ್ಣು ಕೆಲವರದು, ವೋಟಿನ ತೂಕ ಇನ್ನು ಕೆಲವರದು.

ಹಂತ 6: ಬರಹ ಅವರದ್ದೇನಾ?

ಇಲ್ಲಿ ನಿಧಾನಿಸಬೇಕು. ಹೆಚ್ಚಿನ ಅನ್ಯಾಯ ನಡೆಯುವುದು ದುರಾಸೆಯಿಂದಲ್ಲ, ಉದಾಸೀನದಿಂದ. ಕದ್ದ ಬರಹಕ್ಕೆ ಬಿದ್ದ ವೋಟು ಇಬ್ಬರಿಗೆ ಮೋಸ: ನಿಜವಾಗಿ ಬರೆದವರಿಗೆ, ಮತ್ತು ಆ ದಿನ ಪ್ರಾಮಾಣಿಕವಾಗಿ ಬರೆದು ಕುಳಿತ ಇನ್ನೊಬ್ಬರಿಗೆ.

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಬರಹದ ನಡುವಿನಿಂದ ಒಂದು ವಿಶಿಷ್ಟ ವಾಕ್ಯ ಆರಿಸಿ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಮೊದಲ ವಾಕ್ಯ ಬೇಡ, ಕದಿಯುವವರು ಅದನ್ನು ಬದಲಿಸಿರುತ್ತಾರೆ. ಚಿತ್ರಗಳನ್ನು ಚಿತ್ರಶೋಧಕ್ಕೆ ಹಾಕಿ. ಅಂಚು ಕತ್ತರಿಸಿದ, ಎಡಬಲ ತಿರುಗಿಸಿದ ಚಿತ್ರವಿರಬಹುದೆಂದು ತಿರುಗಿಸಿಯೂ ನೋಡಿ. ಪರವಾನಗಿ ಇರುವ ಚಿತ್ರ ಬಳಸುವುದು ತಪ್ಪಲ್ಲ, ಮೂಲ ಹೇಳದಿರುವುದು ತಪ್ಪು.

ಕನ್ನಡದಲ್ಲಿ ಇದಿಷ್ಟು ಸಾಲದು. ನಮ್ಮ ಹಳೆಯ ವಾರಪತ್ರಿಕೆ, ಪುಸ್ತಕ, ಸ್ಮರಣ ಸಂಚಿಕೆಗಳ ಬಹುಭಾಗ ಪಠ್ಯರೂಪದಲ್ಲಿ ಅಂತರ್ಜಾಲದಲ್ಲಿಲ್ಲ. ಹುಡುಕಿದಾಗ ಏನೂ ಸಿಗಲಿಲ್ಲವೆಂದರೆ ಅದು ಸ್ವಂತದ್ದೆಂದು ಅರ್ಥವಲ್ಲ. ಒಮ್ಮೆ ಮಲೆನಾಡಿನ ಮಳೆಗಾಲದ ಕುರಿತ ಬರಹವೊಂದಕ್ಕೆ ಮರುಳಾಗಿ ಪೂರ್ಣ ತೂಕ ಹಾಕಿಬಿಟ್ಟೆ. ಎರಡನೆಯ ಓದಿನಲ್ಲಿ ಕಣ್ಣಿಗೆ ಚುಚ್ಚಿದ್ದು ಅರ್ಕಾವತ್ತು. ಕೆಲವೆಡೆ ಅದು ಅಕ್ಷರ ಬಿಟ್ಟು ಪಕ್ಕಕ್ಕೆ ಜಾರಿತ್ತು, ಕೆಲವು ಒತ್ತಕ್ಷರಗಳು ಮಾಯವಾಗಿದ್ದವು. ಕೀಲಿಮಣೆಯಲ್ಲಿ ಹೊಸದಾಗಿ ಟೈಪ್ ಮಾಡಿದವರು ಇಂಥ ತಪ್ಪು ಮಾಡುವುದಿಲ್ಲ. ನುಡಿ ತಂತ್ರಾಂಶದ ಹಳೆಯ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ, ಅಥವಾ ಮುದ್ರಿತ ಪುಟದ ಸ್ಕ್ಯಾನಿನಿಂದ ಅಕ್ಷರ ಎತ್ತಿದಾಗ ಆಗುವ ಗಾಯಗಳಿವು. ಪ್ರತಿಕ್ರಿಯೆಯಲ್ಲಿ ಕೇಳಿದೆ: ನೀವು ಹೇಳಿದ ಆ ಕಾಲುಸಂಕ ಯಾವ ಹಳ್ಳದ ಮೇಲಿನದು? ಉತ್ತರ ಬರಲಿಲ್ಲ. ಇನ್ನೆರಡು ಬರಹಗಳಲ್ಲೂ ಅದೇ ಗಾಯ, ಅದೇ ಮೌನ. ವೋಟ್ ಹಿಂದಕ್ಕೆ ಪಡೆದೆ.

ಅದಿರಲಿ, ಎಲ್ಲ ಪರಿವರ್ತನೆಯೂ ಕಳ್ಳತನವಲ್ಲ. ಇಪ್ಪತ್ತು ವರ್ಷ ಹಿಂದೆ ತಾವೇ ಬರೆದದ್ದನ್ನು ಹಳೆಯ ಕಡತದಿಂದ ಎತ್ತಿ ಹಾಕುವ ಹಿರಿಯರಿದ್ದಾರೆ. ಆದ್ದರಿಂದಲೇ ಮೊದಲು ಪ್ರಶ್ನೆ, ಆಮೇಲೆ ತೀರ್ಪು. ತಾವೇ ಬರೆದವರು ಪ್ರಶ್ನೆಗೆ ಖುಷಿಯಿಂದ ಇನ್ನೂ ನಾಲ್ಕು ಸಂಗತಿ ಸೇರಿಸುತ್ತಾರೆ. ಅವರನ್ನು ಸುಮ್ಮನಾಗಿಸುವುದೇ ಕಷ್ಟ.

ಯಂತ್ರ ಬರೆದದ್ದನ್ನು ಪತ್ತೆಮಾಡುವ ಸಾಧನಗಳನ್ನು ಕನ್ನಡದ ಮಟ್ಟಿಗೆ ನಾನು ನಂಬುವುದಿಲ್ಲ. ಓದುವ ಕಿವಿಯನ್ನು ನಂಬುತ್ತೇನೆ. ಪ್ರತಿ ವಾಕ್ಯವೂ ‘ಆಗಿದೆ’ಯಲ್ಲಿ ಮುಗಿದರೆ, ‘ಮಾಡಲ್ಪಟ್ಟಿತು’ ಎಂಬುದು ಪ್ಯಾರಾಕ್ಕೆ ಮೂರು ಸಲ ಬಂದರೆ, ಅಡುಗೆಯ ಬರಹದಲ್ಲಿ ಒಗ್ಗರಣೆ ಸಿಡಿಯದೆ ಬರಿಯ ‘ಪದಾರ್ಥಗಳನ್ನು ಸೇರಿಸಲಾಗುತ್ತದೆ’ ಎಂದಿದ್ದರೆ, ಮುಂದೆ ಹೋಗಿ. ಖಚಿತ ಸಾಕ್ಷ್ಯವಿಲ್ಲದೆ ಆರೋಪ ಹೊರಿಸಬೇಡಿ. ವೋಟ್ ಹಾಕದಿರಲು ಸಾಕ್ಷ್ಯ ಬೇಕಿಲ್ಲ.

ಹಂತ 7: ಎಷ್ಟು ತೂಕ?

ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರ ಹಿಂದೆ ಶ್ರಮವಿದೆಯೇ? ಇದನ್ನು ಇವರಲ್ಲದೆ ಬೇರೊಬ್ಬರು ಬರೆಯಬಹುದಿತ್ತೇ? ಈಗಾಗಲೇ ಎಷ್ಟು ಸಿಕ್ಕಿದೆ? ಮೂರನೆಯದನ್ನು ಜನ ಮರೆಯುತ್ತಾರೆ. ಸಾಕಷ್ಟು ಸಿಕ್ಕಿರುವ ಬರಹ ಎಷ್ಟೇ ಇಷ್ಟವಾದರೂ ಅದಕ್ಕೆ ಎರಡು ಸಾಲಿನ ಪ್ರತಿಕ್ರಿಯೆ ಬರೆದು, ವೋಟನ್ನು ಬೇರೆಡೆಗೆ ಉಳಿಸುವುದು ನನ್ನ ಪದ್ಧತಿ.

ಅಂದಾಜಿಗೆ ಹೇಳುವುದಾದರೆ, ಸ್ವಂತ ಅನುಭವ ಮತ್ತು ದುಡಿಮೆ ಕಾಣುವ, ಯಾರೂ ಗಮನಿಸದ ಬರಹಕ್ಕೆ ಪೂರ್ಣ ತೂಕ. ಓದಿಸಿಕೊಂಡು ಹೋಗುವ ಸಾಧಾರಣ ಬರಹಕ್ಕೆ ಅರ್ಧ. ಚರ್ಚೆಗೆ ಏನನ್ನಾದರೂ ಸೇರಿಸಿದ ಪ್ರತಿಕ್ರಿಯೆಗೆ ಶೇ. 10ರಿಂದ 20. ಒಬ್ಬರೇ ಲೇಖಕರಿಗೆ ವಾರಕ್ಕೆ ಎರಡು ಪೂರ್ಣ ವೋಟಿಗಿಂತ ಹೆಚ್ಚು ಬೇಡ. ಇವು ನನ್ನ ಸಂಖ್ಯೆಗಳು. ನಿಮ್ಮವು ಬೇರೆ ಇರಲಿ, ಆದರೆ ಬರೆದಿಟ್ಟುಕೊಂಡಿರಿ. ನಿಯಮವಿಲ್ಲದ ಕೈ ತಾನಾಗಿ ಸ್ನೇಹಿತರ ಕಡೆ ಜಾರುತ್ತದೆ.

ಸ್ವಂತ ಬರಹಕ್ಕೆ ಸ್ವಂತ ವೋಟು? ನಿಯಮ ತಡೆಯುವುದಿಲ್ಲ. ಹತ್ತು ದಿನಕ್ಕೊಮ್ಮೆ ಬರೆದು ಒಂದು ವೋಟ್ ಹಾಕಿಕೊಂಡರೆ ಯಾರೂ ಆಕ್ಷೇಪಿಸುವುದೂ ಇಲ್ಲ. ದಿನದ ಹತ್ತರಲ್ಲಿ ಆರು ತಮಗೇ ಹಾಕಿಕೊಳ್ಳುವವರನ್ನು ಕ್ಯುರೇಟರ್ ಎನ್ನಬೇಡಿ. ‘ನೀನು ನನಗೆ, ನಾನು ನಿನಗೆ’ ಎಂಬ ಐದಾರು ಜನರ ಕೂಟವೂ ಅದೇ ವ್ಯವಹಾರ, ಸ್ವಲ್ಪ ನಾಚಿಕೆಯ ವೇಷ ತೊಟ್ಟದ್ದು. ನಿಮ್ಮ ಖಾತೆಯ ಕಳೆದ ಮೂವತ್ತು ದಿನದ ವೋಟುಗಳ ಪಟ್ಟಿಯನ್ನು ತೆರೆದು ನೋಡಿ. ಅರ್ಧಕ್ಕಿಂತ ಹೆಚ್ಚು ಐದೇ ಹೆಸರುಗಳಿಗೆ ಹೋಗಿದ್ದರೆ ನೀವೂ ಆ ಕೂಟದೊಳಗಿದ್ದೀರಿ. ನನ್ನದನ್ನು ಮೊದಲ ಸಲ ನೋಡಿದಾಗ ಮುಖ ಬಿಸಿಯಾಗಿತ್ತು.

ಹಂತ 8: ಡೌನ್‌ವೋಟ್ ಎಂಬ ಕಹಿ ಕೆಲಸ

ಡೌನ್‌ವೋಟ್ ಹಾಕಿದಾಗ ಆ ಬರಹದಿಂದ ಕಡಿತವಾದ ಮೊತ್ತ ಕೆರೆಗೆ ಮರಳುತ್ತದೆ. ಹಾಕಿದವರಿಗೆ ಬಿಡಿಗಾಸೂ ಸಿಗುವುದಿಲ್ಲ. ಇದಕ್ಕಾಗಿಯೇ ಕಾಲು ಭಾಗದಷ್ಟು ಪ್ರತ್ಯೇಕ ಬಲವಿದೆ, ಅಂದರೆ ದಿನಕ್ಕೆ ಎರಡೂವರೆ ಪೂರ್ಣ ಡೌನ್‌ವೋಟು. ಅದು ಮುಗಿದ ಮೇಲೆ ಮಾತ್ರ ಮುಖ್ಯ ತೊಟ್ಟಿಗೆ ಕೈ ಹೋಗುತ್ತದೆ.

ಯಾವಾಗ ಹಾಕಬೇಕು? ಕೃತಿಚೌರ್ಯ, ಒಂದೇ ಬರಹವನ್ನು ಹಲವು ಖಾತೆಗಳಲ್ಲಿ ಮಾರುವುದು, ಸುಳ್ಳು ಗುರುತು, ಮತ್ತು ಅಳತೆಗೆಟ್ಟ ಬಹುಮಾನ. ಕೊನೆಯದರ ಬಗ್ಗೆ ಜಗಳವಿದೆ. ‘ನನ್ನ ಬಹುಮಾನವನ್ನು ಕಿತ್ತುಕೊಂಡಿರಿ’ ಎಂದು ಲೇಖಕರು ಕೂಗುತ್ತಾರೆ. ಆದರೆ ಏಳನೆಯ ದಿನ ಮುಗಿಯುವವರೆಗೆ ಪುಟದಲ್ಲಿ ಕಾಣುವ ಮೊತ್ತ ಬರಿಯ ಪ್ರಸ್ತಾವ, ಇನ್ನೂ ಯಾರದ್ದೂ ಅಲ್ಲ. ಮಾತು ನಿಜವಾದರೂ ನೋವು ಸುಳ್ಳಲ್ಲ. ಆದ್ದರಿಂದ ಬಹುಮಾನ ಹೆಚ್ಚಾಯಿತೆಂಬ ಕಾರಣಕ್ಕೆ ಹಾಕುವುದಾದರೆ ಕಾರಣವನ್ನು ಮರ್ಯಾದೆಯಿಂದ ಬರೆದು, ಸಣ್ಣ ತೂಕದಲ್ಲಿ ಹಾಕಿ. ಅಭಿಪ್ರಾಯಭೇದಕ್ಕಂತೂ ಎಂದೂ ಬೇಡ. ರಾಜಕೀಯವಾಗಿ ನಿಮಗೆ ಹಿಡಿಸದವರ ಒಳ್ಳೆಯ ಬರಹಕ್ಕೆ ಡೌನ್‌ವೋಟ್ ಹಾಕುವ ಆಸೆ ಬಂದಾಗ ಎದ್ದು ನೀರು ಕುಡಿದು ಬನ್ನಿ.

ಪ್ರತೀಕಾರದ ಭಯವೂ ಇದೆ. ದೊಡ್ಡ ಖಾತೆಯವರನ್ನು ಕೆಣಕಿದರೆ ನಿಮ್ಮ ಬರಹಗಳಿಗೆ ತಿಂಗಳುಗಟ್ಟಲೆ ಕೆಂಪು ಬಾಣ ಬೀಳಬಹುದು. ಸಣ್ಣ ಖಾತೆಯವರು ಒಂಟಿಯಾಗಿ ಕತ್ತಿ ಹಿಡಿಯಬೇಕಾಗಿಲ್ಲ. ಕೃತಿಚೌರ್ಯದ ಸಾಕ್ಷ್ಯವನ್ನು, ಅಂದರೆ ಮೂಲದ ಕೊಂಡಿ ಮತ್ತು ನಕಲಿನ ಕೊಂಡಿ ಎರಡನ್ನೂ, ಈ ಕೆಲಸಕ್ಕೆಂದೇ ಇರುವ ಹೈವ್‌ವಾಚರ್ಸ್‌ನಂಥ ಗುಂಪಿಗೆ ಒಪ್ಪಿಸಿ.

ಹಂತ 9: ನಿಮ್ಮ ತೂಬನ್ನು ಬೇರೆಯವರಿಗೆ ಕೊಡುವ ಮುನ್ನ

ಓದಲು ಸಮಯವಿಲ್ಲದವರಿಗೆ ಎರಡು ದಾರಿಗಳಿವೆ. ಒಂದು, ನಂಬಿಕಸ್ಥ ಕ್ಯುರೇಟರ್ ಹಿಂದೆ ನಿಮ್ಮ ವೋಟೂ ತಾನಾಗಿ ಹೋಗುವಂತೆ ಮಾಡುವುದು. ಇದಕ್ಕೆ ಟ್ರೇಲ್ ಎನ್ನುತ್ತಾರೆ. ಇನ್ನೊಂದು, ಹೈವ್ ಪವರ್ ಅನ್ನು ಡೆಲಿಗೇಟ್ ಮಾಡುವುದು, ಅಂದರೆ ಮಾಲೀಕತ್ವ ನಿಮ್ಮಲ್ಲೇ ಉಳಿದು ತೂಕ ಮಾತ್ರ ಇನ್ನೊಬ್ಬರ ಕೈಗೆ ಹೋಗುವುದು. ಹಿಂದಕ್ಕೆ ಪಡೆದಾಗ ಬಳಕೆಗೆ ಮರಳಲು 5 ದಿನ ಬೇಕು.

ಎರಡೂ ಗೇಣಿಗೆ ಕೊಟ್ಟ ಹೊಲದಂತೆ, ಆಗಾಗ ಹೋಗಿ ನೋಡಬೇಕು. ಡೆಲಿಗೇಶನ್‌ಗೆ ಪ್ರತಿಯಾಗಿ ದಿನವೂ ಟೋಕನ್ ಕೊಡುತ್ತೇವೆ ಎನ್ನುವವರು ಯಾರಿಗೆ ವೋಟ್ ಹಾಕುತ್ತಿದ್ದಾರೆಂದು ತಿಂಗಳಿಗೊಮ್ಮೆ ಪರಿಶೀಲಿಸಿ. ಬಹುಪಾಲು ವೋಟು ಡೆಲಿಗೇಟ್ ಮಾಡಿದವರಿಗೇ ಮರಳುತ್ತಿದ್ದರೆ ಅದು ವೋಟಿನ ಮಾರಾಟ, ಬಿಡ್-ಬಾಟಿನ ತಮ್ಮ. ಇಂಥ ಹೆಸರುಗಳಿಗೆ ಕ್ಯುರೇಶನ್ ಎಂಬ ಪದ ಅಂಟಿಸಿಕೊಂಡಿದ್ದರೂ ಮೋಸ ಹೋಗಬೇಡಿ. ಬ್ಲಾಕ್‌ಚೈನಿನ ಲೆಕ್ಕಪುಸ್ತಕ ಯಾರು ಬೇಕಾದರೂ ತೆರೆಯಬಹುದಾದದ್ದು, ಸೋಮಾರಿತನವೊಂದೇ ಅಡ್ಡಿ.

ನೀವೇ ಗುಂಪು ಕಟ್ಟುವುದಾದರೆ, ನಾಲ್ಕೈದು ಜನ ಓದುಗರು ಸಾಕು. ಸದಸ್ಯರ ಬರಹವನ್ನು ಅದೇ ಸದಸ್ಯರು ಸೂಚಿಸುವಂತಿಲ್ಲ ಎಂಬ ಕಟ್ಟಳೆ ಮೊದಲ ದಿನವೇ ಇರಲಿ. ವಾರಕ್ಕೊಂದು ವರದಿಯಲ್ಲಿ ಯಾವ ಬರಹ, ಎಷ್ಟು ತೂಕ, ಯಾಕೆ ಎಂದು ಒಂದೊಂದು ಸಾಲು ಪ್ರಕಟಿಸಿ. ಆ ವರದಿಯ ಬಹುಮಾನದಲ್ಲಿ ಆಯ್ಕೆಯಾದ ಲೇಖಕರಿಗೂ ಪಾಲು ಹೋಗುವಂತೆ ಬೆನಿಫಿಶಿಯರಿ ಸೌಲಭ್ಯದಲ್ಲಿ ಅವರ ಹೆಸರು ಸೇರಿಸಬಹುದು. ‘ಯಾಕೆ’ ಎಂಬ ಆ ಒಂದು ಸಾಲು ಬರೆಯಲು ಕುಳಿತಾಗ ಎಷ್ಟೋ ವೋಟುಗಳು ತಪ್ಪೆಂದು ತಾವಾಗಿ ಗೊತ್ತಾಗುತ್ತದೆ.

ಹಂತ 10: ಏರಿಯನ್ನು ಕಾಯುವವರಿಗೂ ಮತ ಹಾಕಿ

ಬರಹಕ್ಕೆ ಹಾಕುವ ವೋಟು ಬೇರೆ, ವಿಟ್ನೆಸ್‌ಗಳಿಗೆ ಹಾಕುವ ಮತ ಬೇರೆ. ಎರಡನೆಯದಕ್ಕೆ ಮಾನಾ ಖರ್ಚಾಗುವುದಿಲ್ಲ. ಪ್ರತಿ ಖಾತೆಗೂ 30 ಮತಗಳಿವೆ. ಮೇಲಿನ 20 ವಿಟ್ನೆಸ್‌ಗಳು ಒಪ್ಪಿದಂತೆ ನಿಯಮಗಳು ಬದಲಾಗುತ್ತವೆ; ಈವರೆಗೆ ಹೇಳಿದ ಶೇಕಡಾವಾರುಗಳೆಲ್ಲ ಅವರ ಕೈಯಲ್ಲಿವೆ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂದು 2020ರಲ್ಲಿ ಎಲ್ಲರಿಗೂ ತಿಳಿಯಿತು. ಆ ಫೆಬ್ರುವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್ ಜಾಲದ ಸ್ಥಾಪಕ ಜಸ್ಟಿನ್ ಸನ್, ಸ್ಟೀಮ್ ಕಟ್ಟಿದ ಸ್ಟೀಮಿಟ್ ಕಂಪನಿಯನ್ನು ಕೊಂಡರು, ಅದರೊಡನೆ ಕಂಪನಿಯ ಬಳಿ ಇದ್ದ ಭಾರೀ ಠೇವಣಿಯನ್ನೂ. ಆ ಠೇವಣಿಯಿಂದ ಮತ ಹಾಕಲಾಗದಂತೆ ವಿಟ್ನೆಸ್‌ಗಳು ತಡೆದರು. ಮಾರ್ಚ್ 2ರಂದು ಟೋಕನ್ ಮಾರಿ ಕೊಳ್ಳುವ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳು ತಮ್ಮಲ್ಲಿ ಗ್ರಾಹಕರು ಇರಿಸಿದ್ದ ಟೋಕನ್‌ಗಳಿಂದ ಮತ ಹಾಕಿ, ವಿಟ್ನೆಸ್‌ಗಳ ಇಡೀ ಸಾಲನ್ನೇ ಬದಲಿಸಿದವು. ಜನರ ಟೋಕನ್, ಜನರಿಗೇ ವಿರುದ್ಧವಾದ ಮತ. ಮೂರು ವಾರದೊಳಗೆ ಸಮುದಾಯ ಹೈವ್ ಕಟ್ಟಿಕೊಂಡು ಹೊರನಡೆಯಿತು. ಹೊಸದಾಗಿ ಠೇವಣಿ ಇಟ್ಟವರು ಆಡಳಿತದ ಮತ ಹಾಕಲು 30 ದಿನ ಕಾಯಬೇಕೆಂಬ ಈಗಿನ ನಿಯಮ ಆ ಗಾಯದ ಕಲೆ.

ಆದ್ದರಿಂದ ಟೋಕನ್‌ಗಳನ್ನು ವಿನಿಮಯ ಕೇಂದ್ರದಲ್ಲಿ ಬಿಡದೆ ನಿಮ್ಮ ಖಾತೆಗೆ ತಂದು ಕಟ್ಟಿಡಿ. ವಿಟ್ನೆಸ್‌ಗಳ ಬರಹ ಓದಿ ಮತ ಹಾಕಿ. ವರ್ಷಕ್ಕೊಮ್ಮೆಯಾದರೂ ಆ ಪಟ್ಟಿಯನ್ನು ಮುಟ್ಟಿ. ವರ್ಷಪೂರ್ತಿ ಆಡಳಿತದ ಯಾವ ಮತವನ್ನೂ ಚಲಾಯಿಸದಿದ್ದರೆ ಹಳೆಯ ಮತಗಳು ರದ್ದಾಗುತ್ತವೆ.

ಹಂತ 11: ಬಂದದ್ದನ್ನು ಬರೆದಿಡಿ

ಭಾರತದಲ್ಲಿದ್ದು ಇದನ್ನು ಮಾಡುವವರಿಗೆ ಒಂದು ಒಣ ಮಾತು. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ, ಅಂದರೆ ಇಂಥ ಟೋಕನ್‌ಗಳ ಮಾರಾಟದಿಂದ ಬಂದ ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಸೆಸ್. ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಅದೇ ವರ್ಷದ ಜುಲೈ 1ರಿಂದ ನಿಗದಿತ ಮಿತಿ ಮೀರಿದ ವಹಿವಾಟಿಗೆ ಶೇ. 1 ಮೂಲದಲ್ಲೇ ಕಡಿತ. ವಿನಿಮಯ ಕೇಂದ್ರ ಆರಿಸುವಾಗ ಅದು ಕೇಂದ್ರ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾಗಿದೆಯೇ ನೋಡಿ.

ಕ್ಯುರೇಶನ್ ಆದಾಯ ದಿನಕ್ಕೆ ಹತ್ತಾರು ಸಣ್ಣ ಚೂರುಗಳಾಗಿ ಬರುತ್ತದೆ. ವರ್ಷದ ಕೊನೆಯಲ್ಲಿ ಅದನ್ನು ಕೂಡಿಸಲು ಕುಳಿತವರ ಗತಿ ದೇವರಿಗೇ ಪ್ರೀತಿ. ವಾರಕ್ಕೊಮ್ಮೆ ದಿನಾಂಕ, ಬಂದ ಟೋಕನ್, ಆ ದಿನದ ರೂಪಾಯಿ ಬೆಲೆ ಎಂಬ ಮೂರು ಕಲಂ ತುಂಬಿ, ಮಾರ್ಚ್ ಬರುವ ಮೊದಲೇ ಆ ಹಾಳೆಯನ್ನು ಲೆಕ್ಕಪರಿಶೋಧಕರ ಮುಂದಿಡಿ. ಅವರಿಗೆ ಬ್ಲಾಕ್‌ಚೈನ್ ಎಂದರೇನೆಂದು ವಿವರಿಸಲು ಒಂದು ಲೋಟ ಕಾಫಿಯಷ್ಟು ಸಮಯ ಹೆಚ್ಚಿಗೆ ಇಟ್ಟುಕೊಂಡು ಹೋಗಿ.